ಕಂದೀಲ ಗಾಜು, ಕಾರಿನ ದೀಪಾ

ಶಿವರಾತ್ರಿಗೆ ಇನ್ನೂ ನಾಕು ದಿನ ಇತ್ತು. ಅಣ್ಣಿಗೇರಿಯೊಳಗ ನಮ್ಮ ನಾದಿನಿ ಮಗಳ ಕುಬಸ ಮುಗಿಸಿಕೊಂಡು ಹುಬ್ಬಳ್ಳಿಗೆ ವಾಪಸ್ ಹೊಂಟಿದ್ವಿ. ಗಾಡಿ ನಾನ ಹೊಡೀತಿದ್ದೆ. ನಮ್ಮನಿಯವರಿಗೆ ಗಾಡಿ ಹೊಡೀಲಿಕ್ಕೆ ಬರಂಗಿಲ್ಲ, ಹೊಡಿಯೋರಿಗೆ ಹೇಳ್ಲಿಕ್ಕೆ ಮಾತ್ರ ಭಾಳ ಛಲೋ ಬರ್ತದ, ಅದು ನಿಮಗೆಲ್ಲಾ ಗೊತ್ತಿದ್ದದ್ದ. ಹಿಂದಿನ ಸೀಟಿನ್ಯಾಗ ಅತ್ತಿಯವರು, ಅವರ ತೊಡಿ ಮ್ಯಾಲೆ ಕರ್ಚಿಕಾಯಿ ಡಬ್ಬಿ. ಎಂಟೂವರಿ ಆಗಿರಬೇಕು. ಮುಂದ ಒಂದು ಕಣಕಿ ಹೇರಿದ ಟ್ರ್ಯಾಕ್ಟರ್ ಹೊಂಟಿತ್ತು, ಹಿಂದ ಕೆಂಪ ದೀಪಾ ಇಲ್ಲಾ, ರೇಡಿಯಂ ಪಟ್ಟಿನೂ ಇಲ್ಲಾ. ನನಗದು ಕಂಡಿದ್ದು ಇನ್ನೇನ ಬಡೀತದ ಅನ್ನೋ ಹೊತ್ತಿಗೆ. ಬ್ರೇಕ್ ತುಳದೆ. ಗಾಡಿ ಚೀರಿಕೊಂಡು ನಿಂತಾಗ ಕಣಕಿ ತುದಿಗೂ ನಮ್ಮ ಬಾನೆಟ್ಟಿಗೂ ನಡುವ ಒಂದು ಮೊಳ ಇದ್ದೀತು. ಕರ್ಚಿಕಾಯಿ ಎಲ್ಲಾ ಕಾರಿನ ತುಂಬ ಆದ್ವು. ಯಾರಿಗೂ ಏನೂ ಆಗಲಿಲ್ಲ, ಪುಣ್ಯಾಕ.

ಮನಿಗೆ ಬಂದ ಮ್ಯಾಲೆ ಪಂಚಾಯ್ತಿ ಸುರು ಆತು. ಪುಣೆದಿಂದ ಮಗಾ ಫೋನಿನ್ಯಾಗ, ಇಲ್ಲೆ ಇವರು ಎದುರಿಗೆ. “ಐವತ್ತೆರಡು ಆತು, ಕಣ್ಣ ಮಂದ ಆಗಿರ್ತಾವ. ಇನ್ನ ಮ್ಯಾಲೆ ಕತ್ತಲಾದ ಮ್ಯಾಲೆ ನೀ ಗಾಡಿ ಹೊಡಿಯೋದು ಬ್ಯಾಡ.” ನನಗ ಹೊಟ್ಟ್ಯಾಗ ಕಲಸಿದಂಗ ಆತು. ಮನ್ಯಾಗ ಗಾಡಿ ಹೊಡಿಯಾಕಿ ನಾ ಒಬ್ಬಾಕಿನ. ಆರು ಗಂಟೆ ಆದ ಮ್ಯಾಲೆ ಹೊಡೀಬ್ಯಾಡ ಅಂದ್ರ ನಮ್ಮನಿ ಬಾಗಲಾ ಆರಕ್ಕ ಹಾಕಿದಂಗ. ಆದ್ರ ಖರೆ ಹೇಳ್ಬೇಕಂದ್ರ ನನಗೂ ಮನಸಿನ್ಯಾಗ ಹಂಗ ಅನಸಿತ್ತು. ಒಂದು ವರ್ಷದಿಂದ ರಾತ್ರಿ ರಸ್ತೆ ಮಸಕ ಮಸಕ ಕಾಣ್ತಿತ್ತು. ಕಣ್ಣಿನ ಡಾಕ್ಟರ್ ಕಡೆ ಹೋದೆ. ಅವರು ಹನಿ ಹಾಕಿ, ದೀಪಾ ಬಿಟ್ಟು, ಎಲ್ಲಾ ನೋಡಿ, “ಪೊರೆ ಇಲ್ಲಾ, ನಂಬರ್ ಹಳೇದ ಅದ. ಕಣ್ಣು ಛಲೋ ಅವ ನಿಮ್ಮವು” ಅಂದ್ರು.

ಮತ್ತ ಮಸಕ ಯಾಕ? ಅದಕ್ಕ ಉತ್ತರಾ ಕೊಟ್ಟವ್ರು ಎಂಬತ್ತೆರಡು ವರ್ಷದ ನಮ್ಮ ಅತ್ತಿಯವರು. ಮುಂಜಾನೆ ಅಂಗಳಕ್ಕ ರಂಗೋಲಿ ಹಾಕಲಿಕ್ಕೆ ಬಗ್ಗಿದವ್ರು ಹಂಗ ಕಾರಿನ ಮಾರಿ ನೋಡ್ಕೋತ ನಿಂತ್ರು. “ಅಲ್ಲವಾ, ಇದರ ಗಾಜ ನೋಡಿಯೇನ? ಅಲ್ಸರ ಬಂದ ಕಣ್ಣಿನಂಗ ಆಗೇದ. ನಮ್ಮವ್ವ ಆಗಿದ್ರ ಇಂಥಾ ಗಾಜಿನ ಕಂದೀಲ ಹಚ್ಚಲಿಕ್ಕೆ ಬಿಡ್ತಿದ್ದಿಲ್ಲ.”

ನಾ ಹತ್ರ ಹೋಗಿ ನೋಡಿದೆ. ದಿನಾ ನೋಡೋ ಗಾಡಿ, ಆದ್ರ ನೋಡಿದ್ದಿಲ್ಲ. ಬಲಗಡೆ ದೀಪಾ ಹಳದಿ ಹಿಡದು, ಮ್ಯಾಲಿನ ಅರ್ಧಾ ಬೆಳ್ಳಗ ಪೊರೆ ಬಂದಂಗ ಆಗಿತ್ತು. ಎಡಗಡೆದು ಅಷ್ಟಿಲ್ಲ, ಅದರ ಮ್ಯಾಲೆ ಬೇವಿನ ಗಿಡದ ನೆರಳ ಬೀಳ್ತದ.

ಆವತ್ತು ಮಧ್ಯಾಹ್ನ ಅತ್ತಿಯವರು ಕಂದೀಲ ಪುರಾಣಾ ಹೇಳಿದ್ರು. ಅವರ ತವರುಮನ್ಯಾಗ ಮೂರು ಕಂದೀಲ ಇದ್ವಂತ. ಕರಾಡದ ಹತ್ರ ಓಗಲೆವಾಡಿಯೊಳಗ ಓಗಲೆ ಗ್ಲಾಸ್ ವರ್ಕ್ಸ್ ಅಂತ ಕಾರಖಾನಿ ಇತ್ತಲ್ಲ, ಅಲ್ಲೆ ಮಾಡಿದ ‘ಪ್ರಭಾಕರ’ ಕಂದೀಲ. ನಮ್ಮ ಕಡೆ ಆವಾಗ ಅದರದ್ದ ಭಾಳ ಹೆಸರು. ದಿನಾ ಹೊತ್ತು ಮುಣುಗೋದರೊಳಗ ಗಾಜು ಬಿಚ್ಚಿ, ಸೋಸಿದ ಒಲಿ ಬೂದಿ ಹಚ್ಚಿ ತಿಕ್ಕಿ, ಹಳೆ ಧೋತರದ ಅರಿವಿಲೆ ಒರಸಿ ಇಡಬೇಕು. ಆ ಕೆಲಸಾ ಮನ್ಯಾಗಿನ ಸಣ್ಣ ಹುಡುಗ್ಯಾರದ್ದ, ಯಾಕಂದ್ರ ಗಾಜಿನ ಬಾಯಾಗ ಅವರದ್ದ ಕೈ ಹೋಗ್ತಿತ್ತು. ಗಾಜು ಒಡದ್ರ ಬೈಗಳಾ ಹುಡುಗಿಗೆ, ದೀಪಾ ಛಲೋ ಉರದ್ರ ಹೊಗಳಿಕಿ ಕಂದೀಲಿಗೆ. “ಕಂದೀಲ ತಯಾರ ಮಾಡಿದವ್ರ ಹೆಸರು ತಗಡಿನ ಮ್ಯಾಲೆ ಇತ್ತವಾ, ಒರಸಿದವ್ರದ್ದು ಎಲ್ಲೆ ಇತ್ತು” ಅಂದ್ರು. ಆ ಮಾತು ತಲ್ಯಾಗ ಕೂತ ಮ್ಯಾಲೆ ನಾ ಕಾರಿನ ದೀಪದ ಇತಿಹಾಸಾ ಓದಲಿಕ್ಕೆ ಕೂತೆ. ಓದಿಧಂಗ ಓದಿಧಂಗ ಒಂದು ತಿಳೀತು: ದೀಪಾ ಬದಲಾದ್ರೂ ಮಸಕು ಹೋಗೇ ಇಲ್ಲ, ಬರೇ ಜಾಗಾ ಬದಲಿ ಮಾಡೇದ.

ಮೊದಲ ಮೊದಲಿನ ಮೋಟರಿಗೆ ಕುದುರಿ ಸಾರೋಟಿಂದ ಬಂದ ಎಣ್ಣಿ ದೀಪಾನ ಇದ್ವು. ಅದರ ಬೆಳಕಿಗೆ ರಸ್ತೆ ಕಾಣೋದಕ್ಕಿಂತಾ, ರಸ್ತೆದಾಗ ಇದ್ದವ್ರಿಗೆ ಗಾಡಿ ಬರ್ತದ ಅನ್ನೋದು ಕಾಣ್ತಿತ್ತು ಅಷ್ಟ. ಆಮ್ಯಾಲೆ ಬಂದದ್ದು ಕಾರ್ಬೈಡ್ ದೀಪಾ. ಹೂಂ, ಅದ ಕಾರ್ಬೈಡ್, ಮಾವಿನಹಣ್ಣು ಹಣ್ಣ ಮಾಡ್ಲಿಕ್ಕೆ ಕದ್ದು ಹಾಕ್ತಾರಲ್ಲ, ನಾವು ಧಾರವಾಡ ಆಪೂಸ ತೊಗೊಳ್ಳುವಾಗ ಮೂಸಿ ನೋಡ್ತೇವಲ್ಲ, ಅದ. 1892ರಾಗ ಥಾಮಸ್ ವಿಲ್ಸನ್ ಅನ್ನಾಂವ ಅಮೆರಿಕದ ನಾರ್ತ್ ಕೆರೋಲಿನಾದೊಳಗ ಬ್ಯಾರೆ ಏನೋ ಮಾಡ್ಲಿಕ್ಕೆ ಹೋಗಿ ಇದನ್ನ ತಯಾರ ಮಾಡುವ ಹಾದಿ ಕಂಡುಕೊಂಡಾ. ಕಾರ್ಬೈಡಿನ ಮ್ಯಾಲೆ ನೀರು ಹನಿ ಹನಿ ಬಿದ್ರ ಅಸಿಟಿಲಿನ್ ಅನ್ನೋ ಗ್ಯಾಸ್ ಬರ್ತದ, ಅದು ಬೆಳ್ಳಗ ಝಗಝಗ ಉರೀತದ. ಗಾಳಿ ಮಳಿಗೂ ಲಗೂನ ಆರಂಗಿಲ್ಲ. 1904ರಿಂದ ಇಂಡಿಯಾನಾಪೊಲಿಸ್ ಊರಾಗ ಪ್ರೆಸ್ಟ್-ಓ-ಲೈಟ್ ಅನ್ನೋ ಕಂಪನಿ ಆ ಗ್ಯಾಸನ್ನ ಸಿಲಿಂಡರ್‌ನ್ಯಾಗ ತುಂಬಿ ಮಾರ್ತಿತ್ತು, ಖಾಲಿ ಆದ್ರ ಕೊಟ್ಟು ತುಂಬಿದ್ದು ತೊಗೊಳ್ಳೋದು. ನಮ್ಮ ಅಡಗಿ ಗ್ಯಾಸಿನಂಗ. ಅವರ ಕಾರಖಾನಿ ಒಂದಕ್ಕಿಂತಾ ಹೆಚ್ಚು ಸಲ ಸ್ಫೋಟ ಆಗಿ ಊರಿನವ್ರು ಒದ್ದಾಡಿದ್ರು. ಈ ದೀಪಾನೂ ಮಸಿ ಹಿಡೀತಿತ್ತು. ಗಾಜು ಒರಸಬೇಕು, ಹಿಂದಿನ ಹಿತ್ತಾಳಿ ಬಟ್ಟಲಾ ತಿಕ್ಕಬೇಕು, ಕಾರ್ಬೈಡ್ ಬೂದಿ ತಗೀಬೇಕು. ಹಂತಾ ಗಾಡಿ ಇದ್ದ ಸಾಹುಕಾರ್ರು ಅದಕ್ಕಂತ ಒಬ್ಬ ಆಳ ಇಟ್ಟಿರ್ತಿದ್ರು.

ಕರೆಂಟಿನ ದೀಪಾ ಗಟ್ಟಿ ಆಗಿ ಕೂತಿದ್ದು 1912ರಾಗ. ಆ ವರ್ಷದ ಕ್ಯಾಡಿಲ್ಯಾಕ್ ಗಾಡಿಗೆ ಚಾರ್ಲ್ಸ್ ಕೆಟರಿಂಗ್ ಅನ್ನೋ ಎಂಜಿನಿಯರ್ ಕರೆಂಟಿಲೆ ಸುರು ಆಗೋ ಯಂತ್ರಾ, ಕರೆಂಟಿನ ದೀಪಾ ಎರಡೂ ಕೂಡಿಸಿ ಕೊಟ್ಟಾ. ಮರು ವರ್ಷ ಜರ್ಮನಿಯ ಬಾಷ್ ಕಂಪನಿಯವ್ರು ದೀಪಾ, ಡೈನಮೋ ಒಂದ ಜೋಡಣಿಯೊಳಗ ಮಾರಲಿಕ್ಕೆ ತಂದ್ರು. (ಕೈಯಿಂದ ಹ್ಯಾಂಡಲ್ ತಿರುವೋದು ತಪ್ಪಿದ ಮ್ಯಾಲೆ ಹೆಣ್ಮಕ್ಕಳು ಗಾಡಿ ಹೊಡಿಯೋದು ಹೆಚ್ಚಾತು. ಅದು ದೊಡ್ಡ ಕತಿ, ಇನ್ನೊಮ್ಮೆ ಹೇಳ್ತೇನಿ.) ಮಸಿ ಹೋತು, ಇನ್ನ ಒರಸೋದ ಇಲ್ಲ ಅಂದ್ರು ಎಲ್ಲಾರೂ. ಆದ್ರ ಇಪ್ಪತ್ತು ವರ್ಷದಾಗ ಗೊತ್ತಾತು ಏನಂದ್ರ, ಬಲ್ಬಿನ ಹಿಂದ ಬೆಳ್ಳಿ ಲೇಪದ ಕನ್ನಡಿ ಬಟ್ಟಲಾ ಇರ್ತದಲ್ಲ, ಒಳಗ ಧೂಳಾ, ತಂಪಾ ಹೊಕ್ಕು ಅದು ಕಪ್ಪಾಗ್ತದ. ದೇವರ ಮುಂದಿನ ಬೆಳ್ಳಿ ದೀಪಾ ವರ್ಷಗಟ್ಟಲೆ ತಿಕ್ಕದ ಇದ್ರ ಆಗ್ತದಲ್ಲ, ಹಂಗ. ಮಸಕು ಗಾಜಿನಿಂದ ಕನ್ನಡಿಗೆ ಹೋಗಿ ಕೂತಿತ್ತು.

ಅದಕ್ಕ ಅಮೆರಿಕದವ್ರು ಹುಡುಕಿದ ಉಪಾಯ ಭಾಳ ಧಿಮಾಕಿನದು. 1940ರ ಮಾಡೆಲ್ ಗಾಡಿಗಳಿಂದ ಎಲ್ಲಾ ಕಂಪನಿಯವ್ರೂ ಒಂದ ಅಳತಿ, ಏಳು ಇಂಚಿನ ಗುಂಡು ದೀಪಾ ಹಚ್ಚಲಿಕ್ಕೆ ಒಪ್ಪಿಕೊಂಡ್ರು. ಮುಂದಿನ ಗಾಜು, ಹಿಂದಿನ ಕನ್ನಡಿ, ಒಳಗಿನ ತಂತಿ, ಮೂರೂ ಕೂಡಿಸಿ ಸೀಲ್ ಮಾಡಿಬಿಡೋದು. ಉಪ್ಪಿನಕಾಯಿ ಭರಣಿ ಬಾಯಿ ಕಟ್ಟಿದಂಗ, ಗಾಳಿ ಹೊಗಂಗಿಲ್ಲ, ಧೂಳಾ ಹೊಗಂಗಿಲ್ಲ. ತಂತಿ ಸುಟ್ರ ಇಡೀ ದೀಪಾನ ತಗದು ಹೊಸಾದು ಹಾಕೋದು. ಅಂದ್ರ ಬಲ್ಬ್ ಹೋದಾಗೊಮ್ಮೆ ಗಾಜೂ ಹೊಸಾದು, ಕನ್ನಡಿನೂ ಹೊಸಾದು. ಕಾರಿನ ದೀಪದ ಇತಿಹಾಸದಾಗ ಮಸಕಿಗೆ ಖರೇನ ಮದ್ದು ಸಿಕ್ಕಿದ್ದು ಇದೊಂದ ಕಾಲದಾಗ ಅಂತ ನನಗ ಅನಸ್ತದ. ಆದ್ರ ಕಾಯ್ದೆ ಎಷ್ಟು ಬಿಗಿ ಆತಂದ್ರ, ಮುಂದ ನಲವತ್ತು ವರ್ಷ ಅಲ್ಲೆ ಬ್ಯಾರೆ ನಮೂನಿ ದೀಪಾ ಹಚ್ಚಲಿಕ್ಕೆ ಬಿಡಲೇ ಇಲ್ಲ.

ನಮ್ಮ ಕಡೆದ್ದೂ ಗಾಜಿನ ಕಾಲಾನ. ಅಂಬಾಸಿಡರ್, ಫಿಯಾಟ್ ಎರಡಕ್ಕೂ ಗುಂಡನ ಗಾಜಿನ ಕಣ್ಣು. ನಮ್ಮ ಮಾವನವರ ಫಿಯಾಟ್ ನಿಮ್ಮ ಪೈಕಿ ಭಾಳ ಮಂದಿ ನೋಡೀರಿ, ಅದರಾಗ ಕೂತು ಬನಶಂಕರಿ ಜಾತ್ರಿಗೆ ಹೋಗೀರಿ. ಬಾಗಲಾ ತುಕ್ಕು ಹಿಡದು ಹೋತು, ಸೀಟು ಹರೀತು, ದೀಪದ ಗಾಜು ಮಾತ್ರ ಮಾರೋ ದಿನಾ ಸಹಿತ ಹೊಸಾದಿದ್ದಂಗ ಇತ್ತು. ಆ ಗಾಜಿನ ಮ್ಯಾಲೆ ಶ್ಯಾವಿಗಿ ಎಳದಂಗ ಗೆರಿ ಇದ್ವಲ್ಲ, ಅವು ಚಂದಕ್ಕಲ್ಲ. ಬೆಳಕನ್ನ ರಸ್ತೆ ಮ್ಯಾಲೆ ಎಲ್ಲೆಲ್ಲಿ ಎಷ್ಟೆಷ್ಟು ಹರವಬೇಕು ಅನ್ನೋ ಲೆಕ್ಕಾ ಆ ಗೆರಿಯೊಳಗಿತ್ತು. ಈಗಿನ ದೀಪದಾಗ ಆ ಕೆಲಸಾ ಹಿಂದಿನ ಕನ್ನಡಿ ಮಾಡ್ತದ, ಮುಂದಿಂದು ಬರೇ ಸಪಾಟ ಮುಚ್ಚಳಾ.

ಆ ಮುಚ್ಚಳಾ ಗಾಜು ಅಲ್ಲ, ಅದ ಈ ಕತಿಯ ಮುಖ್ಯ ಗಂಟು. ಅದರ ಹೆಸರು ಪಾಲಿಕಾರ್ಬೊನೇಟ್. ಹೆಸರಿನ್ಯಾಗ ಕಾರ್ಬೈಡಿನ ವಾಸನಿ ಬಂದ್ರೂ ಅದಕ್ಕ ಇದಕ್ಕ ಸಂಬಂಧ ಇಲ್ಲ. 1953ರಾಗ ಜರ್ಮನಿಯ ಬಾಯರ್ ಕಂಪನಿಯೊಳಗ ಹರ್ಮನ್ ಶ್ನೆಲ್, ಅಮೆರಿಕದ ಜನರಲ್ ಎಲೆಕ್ಟ್ರಿಕ್ ಕಂಪನಿಯೊಳಗ ಡೇನಿಯಲ್ ಫಾಕ್ಸ್, ಇಬ್ಬರೂ ಒಬ್ಬರಿಗೊಬ್ಬರ ಖಬರ ಇಲ್ದ ಇದನ್ನ ತಯಾರ ಮಾಡಿದ್ರು. ಫಾಕ್ಸ್ ಕರೆಂಟ್ ತಂತಿ ಮ್ಯಾಲೆ ಹಚ್ಚೋ ಲೇಪ ಹುಡುಕ್ಲಿಕ್ಕೆ ಹೋಗಿದ್ದಾ. ಪಾತ್ರ್ಯಾಗಿನ ಅಂಟು ಗಟ್ಟಿ ಆಗಿ, ತಿರುವೋ ಕಡ್ಡಿನೂ ಅದರಾಗ ಸಿಕ್ಕೊಂಡು, ಏನ ಮಾಡಿದ್ರೂ ಒಡೀವಲ್ದು. ಅಂಟುಂಡಿ ಪಾಕಾ ಮೀರಿ ಸೌಟು ಬುಟ್ಟಿಗೆ ಕಚ್ಚಿಕೊಂಡಾಗ ನಾವು ಏನಂತೇವಿ ಅದು ನಿಮಗ ಗೊತ್ತು. ಅಂವಾ ಅದಕ್ಕ ಪೇಟೆಂಟ್ ಹಾಕಿದಾ. ಗಾಜಿನಂಗ ಪಾರದರ್ಶಕ, ಗಾಜಿನ ಅರ್ಧಕ್ಕಿಂತಾ ಕಡಿಮಿ ತೂಕ, ಕಲ್ಲು ಬಡದ್ರೂ ಸಹಜ ಒಡ್ಯಂಗಿಲ್ಲ. ಚಂದ್ರನ ಮ್ಯಾಲೆ ಹೋದವ್ರ ತಲಿ ಮ್ಯಾಲಿನ ಗುಂಡು ಟೊಪಗಿ ಇದರದ್ದ, ಸಿನಿಮಾ ಹಾಡಿನ ಸೀಡಿ ಇದರದ್ದ.

ಇದು ಕಾರಿನ ಮಾರಿಗೆ ಬಂದದ್ದು ಪೆಟ್ರೋಲಿನ ಸಂಬಂಧ. 1973ರಾಗ ಅರಬರು ಎಣ್ಣಿ ತಡದ್ರಲ್ಲ, ಆವಾಗ ಅಮೆರಿಕದವ್ರಿಗೆ ಮೈಲೇಜ್ ಅಂದ್ರೇನು ಅಂತ ತಿಳೀತು. 1975ರಾಗ ಗಾಡಿಗೆ ಇಷ್ಟ ಮೈಲೇಜ್ ಬೇಕಂತ ಕಾಯ್ದೆ ಬಂತು. ಗಾಳಿ ಸೀಳ್ಕೊಂಡು ಹೋಗ್ಬೇಕಂದ್ರ ಗಾಡಿ ಮೂಗು ಜಾರಾಗಿ ಇರಬೇಕು, ಆದ್ರ ಗುಂಡು ಇಲ್ಲಾ ಚೌಕ ಗಾಜಿನ ದೀಪಾ ಗ್ವಾಡಿಯಂಗ ನೆಟ್ಟಗ ನಿಂದರ್ತಿದ್ವು. ಫೋರ್ಡ್ ಕಂಪನಿಯವ್ರು ಕಾಯ್ದೆ ಸಡಲಿಸ್ರಿ ಅಂತ 1981ರಾಗ ಅರ್ಜಿ ಕೊಟ್ರು, 1983ರಾಗ ಪರವಾನಿಗಿ ಸಿಕ್ತು, 1984ರ ಮಾಡೆಲ್ ಲಿಂಕನ್ ಮಾರ್ಕ್ ಸೆವೆನ್ ಗಾಡಿ ಗಾಳಿಗೆ ತಕ್ಕಂಗ ಜಾರಿದ ದೀಪಾ ಹಚ್ಚಿಕೊಂಡು ಹೊರಗ ಬಿತ್ತು. ಒಳಗಿನ ಸಣ್ಣ ಬಲ್ಬ್ ಅಷ್ಟ ಬದಲಿ ಮಾಡಿದ್ರ ಸಾಕು, ಮುಚ್ಚಳಾ ಗಾಡಿ ಇರೋತನಕಾ ಅದ. ಯುರೋಪಿನವ್ರು ಇನ್ನೂ ಹತ್ತು ವರ್ಷ ಗಾಜನ್ನ ಹಿಡ್ಕೊಂಡಿದ್ರು, 1990ರ ದಶಕದಾಗ ಅವರೂ ಬಿಟ್ರು. ಹೊಸಾ ಶತಮಾನ ಸುರು ಆಗೂದರೊಳಗ ನಮ್ಮ ರಸ್ತೆ ಮ್ಯಾಲೂ ಬೆಕ್ಕಿನ ಕಣ್ಣಿನಂಥಾ ದೀಪಾ ಬಂದ್ವು, ನಾವು “ಎಷ್ಟ ಛಂದ ಅವ” ಅಂದ್ವಿ.

ಛಂದ ಖರೆ. ಆದ್ರ ಸೀಲ್ಡ್ ದೀಪದಾಗ ಬಲ್ಬಿನ ಜೋಡಿ ಹೊಸಾ ಗಾಜು ಬರ್ತಿತ್ತು ಅಂದೆನಲ್ಲ, ಅದು ತಪ್ಪಿತು. ಹತ್ತು ಹದಿನೈದು ವರ್ಷ ಅದ ಒಂದು ಪ್ಲಾಸ್ಟಿಕ್ ಮುಚ್ಚಳಾ ಬಿಸಲು ತಿನ್ನಬೇಕು. ಬಿಸಿಲಿನೊಳಗಿನ ನೇರಳಾತೀತ ಕಿರಣ ಪಾಲಿಕಾರ್ಬೊನೇಟಿಗೆ ಆಗಿ ಬರಂಗಿಲ್ಲ, ಅದರ ಒಳಗಿನ ಕಟ್ಟು ಮುರದು ಹಳದಿ ಮಾಡ್ತದ. ಗಚ್ಚಿ ಮ್ಯಾಲೆ ಇಟ್ಟ ಬಕೀಟು ಎರಡ ಬ್ಯಾಸಿಗಿಗೆ ಬಣ್ಣಾ ಕೆಟ್ಟು ಬಿರಕ ಬಿಡ್ತದಲ್ಲ, ಅದ ಜಾತಿಯ ರೋಗ. ಇದು ತಯಾರ ಮಾಡಿದವ್ರಿಗೂ ಗೊತ್ತಿತ್ತು. ಅದಕ್ಕ ಕಾರಖಾನ್ಯಾಗ ಮ್ಯಾಲೆ ಒಂದು ಗಟ್ಟಿ ಪದರಾ ಹಚ್ಚಿ ಕಳಸ್ತಾರ, ಕೂದಲೆಳಿಗಿಂತಾ ತೆಳು. ಬಿಸಲು ತಡಿಯೋದು ಆ ಪದರಾನ, ಗೀರು ತಡಿಯೋದೂ ಅದ. ಧೂಳಾ, ಉಸುಕು, ಒಣಾ ಅರಿವಿಲೆ ತಿಕ್ಕೋದು, ಎಲ್ಲಾ ಕೂಡಿ ಆ ಪದರಾ ಸವದು ಸುಲೀತದ. ಸುಲದ ಜಾಗಾದಾಗ ಪ್ಲಾಸ್ಟಿಕ್ ಬತ್ತಲೆ ಆಗಿ ಬಿಸಿಲಿಗೆ ಸಿಗ್ತದ. ಮಸಿಯಿಂದ ಒಳಗ ಸುರು ಆದ ಮಸಕು, ಕನ್ನಡಿಗೆ ಹೋಗಿ, ಈಗ ಹೊರಮೈಗೆ ಬಂದು ಕೂತದ.

ಅದು ಎಷ್ಟು ಬೆಳಕು ತಿಂತದ ಅಂತ ಅಮೆರಿಕದ ವಾಹನ ಹೊಡಿಯೋರ ದೊಡ್ಡ ಸಂಘ ಎಎಎ 2018ರಾಗ ಅಳದು ನೋಡ್ತು. ಪೂರಾ ಮಬ್ಬಾದ ದೀಪಾ ಹೊಸಾ ದೀಪದ ಐದನೇ ಒಂದು ಪಾಲಿನಷ್ಟ ಬೆಳಕು ಕೊಡ್ತದಂತ. ಉಳದ ಬೆಳಕು ಆ ಮಬ್ಬಿನ್ಯಾಗ ಚೆದರಿ ಎದುರು ಬರೋರ ಕಣ್ಣಿಗೆ ಹೊಡೀತದ. ಒಂದು ವರ್ಷದಿಂದ ಎದುರಿನವ್ರು ನನಗ ಡಿಪ್ಪರ್ ಹೊಡದು ಬೈಕೊಂಡು ಹೋಗ್ತಿದ್ದದ್ದು ಯಾಕಂತ ಆವಾಗ ತಿಳೀತು. ನಮ್ಮನಿಯವರು “ಇನ್ನೂ ದೊಡ್ಡ ಬಲ್ಬ್ ಹಾಕಿಸೋಣು” ಅಂದ್ರು. ಮಸಿ ಹಿಡದ ಗಾಜಿನ ಕಂದೀಲಿಗೆ ಬತ್ತಿ ಏರಿಸಿದ್ರ ಏನಾಗ್ತದ ಅಂತ ಅತ್ತಿಯವರು ಕೇಳಿದ್ರು, ಮಾತು ಅಲ್ಲಿಗೇ ಮುಗೀತು.

ಮೊದಲ ಒಂದು ಗ್ಯಾರೇಜಿಗೆ ಕೊಟ್ಟೆ. ಹುಡುಗಾ ಅರ್ಧಾ ತಾಸಿನ್ಯಾಗ ಪಾಲಿಶ್ ಮಶೀನ್ ತಿರುವಿ ಫಳಫಳ ಮಾಡಿದಾ, ಆರನೂರು ರೂಪಾಯಿ ಎಣಿಸಿಕೊಂಡಾ. ಬಿಸಿಲಿಗೆ ಮ್ಯಾಲೆ ಏನರೆ ಹಚ್ಚಿಯೇನಪಾ ಅಂದ್ರ, “ಏನೂ ಬೇಕಾಗಂಗಿಲ್ರಿ ಅವ್ವಾರ” ಅಂದಾ. ಉಳದಿದ್ದ ಹಳೆ ಪದರಾನೂ ತಿಕ್ಕಿ ತಗದು, ಹೊಸಾದು ಹಚ್ಚದ ಕಳಿಸಿದ್ದಾ. ಬ್ಯಾಸಿಗಿ ಬ್ಯಾರೆ. ಆರು ವಾರದಾಗ ಮತ್ತ ಹಳದಿ ಸುರು.

ಟೂತ್‌ಪೇಸ್ಟ್ ಹಚ್ಚಿ ತಿಕ್ರಿ ಅಂತ ನಿಮ್ಮೊಳಗ ಮೂರು ಮಂದಿ ಹೇಳೀರಿ. ಅದು ಸುಳ್ಳಲ್ಲ, ಪೇಸ್ಟಿನ್ಯಾಗ ಸಣ್ಣ ತಿಕ್ಕೋ ಪುಡಿ ಇರ್ತದ, ಒಲಿ ಬೂದಿದ್ದ ತಂಗಿ ಅದು. ಮ್ಯಾಲಿನ ಮಬ್ಬು ನಾಕು ದಿನಾ ಹೋಗ್ತದ, ಪದರಾ ಮಾತ್ರ ವಾಪಸ್ ಬರಂಗಿಲ್ಲ. ಕೊಬ್ಬರಿ ಎಣ್ಣಿ ಗೀರು ತುಂಬಿ ಹೊಳೀತದ, ಒಂದು ಮಳಿಗೆ ತೊಳದು ಹೋಗ್ತದ. ಸೊಳ್ಳಿ ಓಡಸೋ ಔಷಧಾ ಮಾತ್ರ ಯಾರೂ ಹಚ್ಚಬ್ಯಾಡ್ರಿ. ಅದರಾಗಿನ ಡೀಟ್ ಅನ್ನೋ ರಸಾಯನ ಪ್ಲಾಸ್ಟಿಕ್ ಮೈಯನ್ನ ಕರಗಿಸ್ತದ, ಅದಕ್ಕ ಒಮ್ಮೆ ಸಪಾಟ ಕಾಣ್ತದ ಅಷ್ಟ. ಆಮ್ಯಾಲೆ ಮೊದಲಿಗಿಂತಾ ಕೆಡ್ತದ.

ಕಡೀಕ ನಾ ಮತ್ತ ಅತ್ತಿಯವರು ಕೂತ್ವಿ. ಹಾರ್ಡ್‌ವೇರ್ ಅಂಗಡ್ಯಾಗ ವಾಟರ್ ಪೇಪರ್ ಸಿಗ್ತದ, 800, 1000, 1500, 2000 ನಂಬರಿನದು ತಂದೆ. ನಂಬರ್ ಏರಿಧಂಗ ನಯಾ. ದೀಪಾ ತೊಳದು, ಸುತ್ತಲಿನ ಬಣ್ಣಕ್ಕ ಪೇಪರ್ ತಗಲಬಾರ್ದು ಅಂತ ಎರಡ ಸುತ್ತು ಟೇಪ್ ಹಚ್ಚಿ, ಹಾಳಿ ನೀರಾಗ ನೆನಸಿ, ಒಂದ ದಿಕ್ಕಿಗೆ ತಿಕ್ಕಲಿಕ್ಕೆ ಹತ್ತಿದ್ವಿ. ನೀರು ಹನಿಸೋ ಕೆಲಸಾ ಅತ್ತಿಯವರದ್ದು. ಮೊದಲ ಹಳದಿ ನೀರು ಇಳೀತದ. ಅದು ಬೆಳ್ಳಗ ಹಾಲಿನಂಗ ಬರೋ ತನಕಾ 800ನ್ನ ಬಿಡಬಾರ್ದು. ಈ ಹೊತ್ತಿನ್ಯಾಗ ಎದಿ ಧಸ್ ಅಂತದ, ಯಾಕಂದ್ರ ಇಡೀ ದೀಪಾ ಸುಣ್ಣಾ ಬಳದಂಗ ಆಗಿರ್ತದ, ಹಾಳ ಮಾಡಿದೆ ಅನಸ್ತದ. ಹೆದರಬಾರ್ದು. ಮುಂದಿನ ನಂಬರಿನ ಹಾಳಿಯಿಂದ ಅಡ್ಡ ದಿಕ್ಕಿಗೆ ತಿಕ್ಕಿ ಹಿಂದಿನ ಗೀರು ಅಳಸಬೇಕು. 2000 ಮುಗದ ಮ್ಯಾಲೆ ರಬ್ಬಿಂಗ್ ಕಾಂಪೌಂಡ್ ಹಚ್ಚಿ ಮೆತ್ತಗಿನ ಅರಿವಿಲೆ ತಿಕ್ಕಿದಾಗ ಒಳಗಿನ ಬಲ್ಬ್ ಕಾಣ್ತು. ಒಂದೊಂದು ದೀಪಕ್ಕ ಒಂದು ತಾಸಿನ ಮ್ಯಾಲೆ ಹಿಡೀತು, ರೆಟ್ಟಿ ಎರಡು ದಿನಾ ನೋಯಿತು.

ಆ ದಿನಾನ ಪೇಂಟರ್ ಕಡೆ ಒಯ್ದು, ಬಿಸಲು ತಡಿಯೋ ಕ್ಲಿಯರ್ ಕೋಟ್ ಹೊಡಸಿದೆ. ಅದನ್ನ ಮನ್ಯಾಗ ಮಾಡ್ಲಿಕ್ಕೆ ಹೋಗಬ್ಯಾಡ್ರಿ, ಆ ಗಟ್ಟಿ ಜಾತಿಯ ಕ್ಲಿಯರ್ ಉಸಿರಿನ್ಯಾಗ ಹೋದ್ರ ಪುಪ್ಪಸಕ್ಕ ಕೆಟ್ಟದ್ದು, ಅವರು ಮಾಸ್ಕ್ ಹಾಕ್ಕೊಂಡ ಹೊಡೀತಾರ. ತಿಕ್ಕಿದ್ದರದ್ದು ಅರ್ಧಾ ಕೆಲಸಾ, ಈ ಪದರಾದ್ದ ಉಳದರ್ಧಾ. ಎಎಎ ಲೆಕ್ಕದ ಪ್ರಕಾರ ನೆಟ್ಟಗ ಮಾಡಿದ್ರ ಹೊಸಾ ದೀಪದ ನೂರಕ್ಕ 70ರಷ್ಟು ಬೆಳಕು ವಾಪಸ್ ಬರ್ತದ, ನೂರಕ್ಕ ನೂರು ಬೇಕಂದ್ರ ಹೊಸಾದ ಹಾಕಬೇಕು. ನನಗ ಎಪ್ಪತ್ತು ಸಾಕಾತು. ಈಗ ಗಾಡಿ ಮಾರಿ ಗೇಟಿನ ಕಡೆ ತಿರುವಿ, ಎರಡೂ ದೀಪಕ್ಕ ಬೇವಿನ ನೆರಳು ಬೀಳೋ ಹಂಗ ನಿಲ್ಲಸ್ತೇನಿ. ಒಣಾ ಅರಿವಿಲೆ ಒರಸಂಗಿಲ್ಲ, ನೀರು ಸುರದು ಧೂಳಾ ಹೋದ ಮ್ಯಾಲೆ ಅಷ್ಟ.

ಎಪ್ರಿಲ್ ತಿಂಗಳದಾಗ ಒಂದ ರಾತ್ರಿ, ಹನ್ನೊಂದೂವರಿಗೆ ಅಣ್ಣಿಗೇರಿಯಿಂದ ಫೋನ್ ಬಂತು. ಹುಡುಗಿಗೆ ಬ್ಯಾನಿ ಸುರು ಆಗ್ಯಾವ, ಗಾಡಿ ಸಿಗವಲ್ದು ಅಂತ. ನಮ್ಮನಿಯವರು ಒಂದ ನಿಮಿಷ ನನ್ನ ಮಾರಿ ನೋಡಿದ್ರು, ಆಮ್ಯಾಲೆ ಮಳಿಗಿದ್ದ ಚಾವಿ ತಗದು ಕೈಯಾಗ ಕೊಟ್ರು. ಹಾದಿಯೊಳಗ ದೀಪ ಇಲ್ದ ಟ್ರ್ಯಾಕ್ಟರ್ ಆವತ್ತೂ ಇದ್ವು, ಎರಡು. ದೂರಿಂದನ ಕಂಡ್ವು. ಕೂಸು ಮುಂಜಾನೆ ನಾಕಕ್ಕ ಹುಬ್ಬಳ್ಳಿಯೊಳಗ ಹುಟ್ಟಿತು, ಹೆಣ್ಣು, ಎರಡು ಕಿಲೋ ಎಂಟನೂರು ಗ್ರಾಂ.

ವಾಟರ್ ಪೇಪರ್ 1500ದ್ದು ಒಂದು, 2000ದ್ದು ಎರಡು ಹಾಳಿ ಉಳದಾವ. ಬೇಕಾದವ್ರು ಬಂದು ಒಯ್ರಿ.